ಹುಲ್ಲಿಗೆ ಕಾವಲಿದ್ದ ಕಾಲ

ಹುಲ್ಲು ಕಾಯುವುದು ಹಳೇ ಮೈಸೂರು ಸೀಮೆಯಲ್ಲಿ ಒಂದು ಸರ್ಕಾರಿ ನೌಕರಿಯಾಗಿತ್ತು. ನಮ್ಮ ತಾತ ಆ ನೌಕರಿಯಲ್ಲಿದ್ದರು. ಹೊಸದುರ್ಗದ ಕಡೆಯ ಒಂದು ಅಮೃತಮಹಲ್ ಕಾವಲಿಗೆ, ಅಂದರೆ ಸರ್ಕಾರಿ ದನಗಳಿಗೆ ಮೀಸಲಾದ ಹುಲ್ಲುಬಯಲಿಗೆ, ಅವರು ಕಾವಲುಗಾರ. ಮುಂಗಾರು ಬಿದ್ದು ಹುಲ್ಲು ಚಿಗುರಿದ ದಿನದಿಂದ ಅದು ತೆನೆಯೊಡೆದು, ಬೀಜ ಉದುರಿಸಿ ಒಣಗುವ ತನಕ ಊರ ದನಕುರಿ ಒಳಗೆ ನುಗ್ಗದಂತೆ ನೋಡಿಕೊಳ್ಳಬೇಕು. ಬೇಸಿಗೆಯಲ್ಲಿ ಬೆಂಕಿ ಬೀಳದಂತೆ ಕಾಯಬೇಕು. ಸರ್ಕಾರಿ ಹಿಂಡು ಬಂದಾಗ ಯಾವ ಕಟ್ಟೆಯಲ್ಲಿ ನೀರಿದೆ, ಯಾವ ದಿಬ್ಬದಲ್ಲಿ ಮೇವು ಉಳಿದಿದೆ ಎಂದು ದನ ಕಾಯುವ ಸರ್ವೇಗಾರರಿಗೆ ತೋರಿಸಬೇಕು. ಇಷ್ಟೇ ಕೆಲಸ. ಕದ್ದು ಹುಲ್ಲು ಕೊಯ್ದವನನ್ನು ಹಿಡಿದು ದಂಡ ಹಾಕಿಸುತ್ತಿದ್ದರು ಎಂದು ಊರಿನಲ್ಲಿ ಅವರ ಮೇಲೆ ಸಿಟ್ಟೂ ಇತ್ತು, ಮರ್ಯಾದೆಯೂ ಇತ್ತು.

ನಾನು ಪಶುವೈದ್ಯನಾಗಿ ಕಡೂರು, ತರೀಕೆರೆ, ಹೊಸದುರ್ಗ, ಚಳ್ಳಕೆರೆ ಎಂದು ಅದೇ ಬಯಲುಸೀಮೆಯಲ್ಲಿ ಸುತ್ತಿ ನಿವೃತ್ತನಾದವನು. ತಾತ ಹೆಸರು ಹಿಡಿದು ಹೇಳುತ್ತಿದ್ದ ಪ್ರಾಣಿ ಪಕ್ಷಿಗಳಲ್ಲಿ ಕೆಲವು ನನ್ನ ಸರ್ವೀಸಿನ ಉದ್ದಕ್ಕೂ ಆ ಕಾವಲುಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ. ಜೀವಜಾತಿಗಳು ಅಳಿಯುತ್ತಿವೆ ಎಂದರೆ ಜನ ಅಮೆಜಾನ್ ಕಾಡನ್ನೋ ಹಿಮಕರಡಿಯನ್ನೋ ನೆನೆಯುತ್ತಾರೆ. ನನಗೆ ನೆನಪಾಗುವುದು ತರೀಕೆರೆಯಿಂದ ಚಳ್ಳಕೆರೆವರೆಗೆ ಹರಡಿದ್ದ, ಮರವಿಲ್ಲದ, ಹೊರಗಿನವರ ಕಣ್ಣಿಗೆ ಏನೂ ಇಲ್ಲದಂತೆ ತೋರುವ ಈ ಹುಲ್ಲುಬಯಲು. ಇಲ್ಲಿ ಏನೇನು ಹೋಯಿತು, ಹೇಗೆ ಹೋಯಿತು ಎಂಬುದಕ್ಕೆ ಸುಮಾರು ಮುನ್ನೂರು ವರ್ಷದ ದಾಖಲೆ ಇದೆ. ಅದನ್ನು ಓದಿದಷ್ಟೂ ನನಗೆ ಒಂದು ಮಾತು ಗಟ್ಟಿಯಾಗುತ್ತ ಬಂದಿದೆ: ಈ ಬಯಲಿನ ಜೀವಿಗಳನ್ನು ಕೋವಿ ಕೊಂದದ್ದಕ್ಕಿಂತ ಹೆಚ್ಚಾಗಿ ಕಂದಾಯದ ಕಡತ ಕೊಂದಿದೆ.

ಕಾವಲುಗಳ ಕಥೆ ಹಕ್ಕಿಗಳಿಂದ ಶುರುವಾಗುವುದಿಲ್ಲ, ಎತ್ತುಗಳಿಂದ ಶುರುವಾಗುತ್ತದೆ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು ಬೆಣ್ಣೆ ಒದಗಿಸುವ ಹಸುಗಳ ಇಲಾಖೆಯನ್ನು ಬಲಪಡಿಸಿ ಅದಕ್ಕೆ ‘ಬೆಣ್ಣೆ ಚಾವಡಿ’ ಎಂದು ಹೆಸರಿಟ್ಟರು. ಹಿಂಡು ಮೇಯಲು ರಾಜ್ಯದ ಬೇರೆ ಬೇರೆ ಕಡೆ ಕಾವಲುಗಳನ್ನು ಬಿಡಿಸಿಕೊಟ್ಟರು. ಹೈದರ್ ಅಲಿಯ ಕೈಗೆ ಬಂದಾಗ ಅದು ಸೈನ್ಯದ ಬೆನ್ನೆಲುಬಾಯಿತು. ಫಿರಂಗಿ ಎಳೆಯುವುದಕ್ಕೆ, ಮದ್ದುಗುಂಡು ದವಸ ಹೊರುವುದಕ್ಕೆ ಹಳ್ಳಿಕಾರ್ ರಕ್ತದ ಈ ಚುರುಕು ಎತ್ತುಗಳಿಗೆ ಸಾಟಿ ಇರಲಿಲ್ಲ. ಹೈದರ್ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದು ಚಿದಂಬರಕ್ಕೆ ನೆರವಾದದ್ದು, ಟಿಪ್ಪು ಬಿದನೂರನ್ನು ಮರಳಿ ಪಡೆಯಲು ಒಂದು ತಿಂಗಳಲ್ಲಿ ಕರಾವಳಿಯಿಂದ ಕರಾವಳಿಗೆ ದಾಟಿದ್ದು, ಎರಡೂ ಈ ಎತ್ತುಗಳ ಕಾಲಬಲದಿಂದ ಎಂದು ಹಳೆಯ ಮೈಸೂರು ಗ್ಯಾಸೆಟಿಯರ್ ಬರೆದಿಟ್ಟಿದೆ. ‘ಅಮೃತಮಹಲ್’ ಎಂಬ ಹೆಸರು ಕೊಟ್ಟವನು ಟಿಪ್ಪು. ಹಿಂಡುಗಳನ್ನು ಹೇಗೆ ನೋಡಿಕೊಳ್ಳಬೇಕೆಂದು ಹುಕುಂನಾಮೆಯನ್ನೂ ಹೊರಡಿಸಿದ.

ನನ್ನ ವೃತ್ತಿಯ ಕಣ್ಣಿಗೆ ಈ ವ್ಯವಸ್ಥೆಯಲ್ಲಿ ಬೆರಗು ಹುಟ್ಟಿಸುವುದು ಹಿಂಡುಗಳ ಅಲೆದಾಟ. ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ, ಬೇಸಿಗೆಯದು ಬೇರೆ. ಬೇಸಿಗೆ ಕಾವಲು ಎಂದರೆ ಹೆಚ್ಚಾಗಿ ಕೆರೆಯಂಗಳ. ನೀರು ಇಳಿದಂತೆ ಅಲ್ಲಿ ಹಸಿ ಹುಲ್ಲು ಏಳುತ್ತದೆ, ದಡದಲ್ಲಿ ನೆರಳೂ ಇರುತ್ತದೆ. ಹಿಂಡು ಒಂದು ಕಡೆ ಮೇಯುವಾಗ ಉಳಿದ ಕಡೆ ಹುಲ್ಲು ಬೀಜ ಕಟ್ಟುತ್ತದೆ. ವರ್ಷದ ಯಾವ ತಿಂಗಳಲ್ಲೂ ಎಲ್ಲ ಬಯಲೂ ಒಟ್ಟಿಗೆ ಬೋಳಾಗುತ್ತಿರಲಿಲ್ಲ, ಎಲ್ಲೆಡೆಯೂ ಆಳೆತ್ತರ ಬೆಳೆದು ನಿಲ್ಲುತ್ತಲೂ ಇರಲಿಲ್ಲ. ಕೊಟ್ಟಿಗೆಯಿಲ್ಲ. ಬಿಸಿಲು ಮಳೆಯಲ್ಲೇ ಹುಟ್ಟಿ ಬೆಳೆಯುವ ದನ. ತೋಳದ ವಾಸನೆ ಬಂದರೆ ಹಸುಗಳು ಕರುಗಳನ್ನು ನಡುವೆ ಹಾಕಿಕೊಂಡು ಕೊಂಬು ಹೊರಗೆ ಮಾಡಿ ವೃತ್ತ ಕಟ್ಟಿ ನಿಲ್ಲುತ್ತವೆ. ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ಹೊಸಬನಾಗಿದ್ದಾಗ ಇಂಥ ಹಿಂಡಿನ ಹತ್ತಿರ ಸರ್ವೇಗಾರನಿಲ್ಲದೆ ಒಬ್ಬನೇ ಹೋಗಬೇಡಿ ಎಂದು ನನಗೆ ಹಿರಿಯರು ಕಟ್ಟುನಿಟ್ಟಾಗಿ ಹೇಳಿದ್ದರು. ನಾನು ಚುಚ್ಚುಮದ್ದು ಹಿಡಿದು ಬೇಲಿಯಾಚೆ ನಿಂತಿರುತ್ತಿದ್ದೆ. ಅಲ್ಲಿಯ ಮುದುಕ ಸರ್ವೇಗಾರ ಒಂದೊಂದೇ ಹೆಸರು ಹಿಡಿದು ಕೂಗುತ್ತಿದ್ದ. ಕೂಗಿದ ಹೆಸರಿನ ಹಸು ಮಾತ್ರ ಕಿವಿ ನಿಮಿರಿಸಿ, ಹಿಂಡು ಬಿಟ್ಟು, ಅವನ ಕಡೆಗೆ ಬರುತ್ತಿತ್ತು. ಉದ್ದನೆಯ ಕಿರಿದಾದ ಮುಖ, ಹಿಂದಕ್ಕೆ ಬಾಗಿ ತುದಿಯಲ್ಲಿ ಒಂದಕ್ಕೊಂದು ಹತ್ತಿರವಾಗುವ ಕೊಂಬು, ಬೂದು ಬಿಳಿ ಮೈ. ಅವನ ಅಂಗೈ ಮೂಸಿ, ನನ್ನನ್ನು ಕಂಡು ಒಮ್ಮೆ ಬುಸುಗುಟ್ಟಿ, ಆಮೇಲೆ ನಿಲ್ಲುತ್ತಿತ್ತು.

ಈ ಎತ್ತುಗಳಿಗೆಂದು ಕಾದ ಹುಲ್ಲಿನಲ್ಲಿ ಬೇರೆ ಎಷ್ಟೋ ಜೀವ ಬಾಳಿತು. ಅವುಗಳನ್ನು ಉಳಿಸಬೇಕೆಂದು ಯಾವ ದೊರೆಯೂ ಆಜ್ಞೆ ಹೊರಡಿಸಿರಲಿಲ್ಲ. ಕೃಷ್ಣಮೃಗ ಹಿಂಡುಹಿಂಡಾಗಿತ್ತು. ಅದರ ಹಿಂದೆ ತೋಳ. ಗುಳ್ಳೆನರಿ, ಮೊಲ, ಗೌಜಲಹಕ್ಕಿ, ನೆಲದಲ್ಲಿ ಗೂಡು ಮಾಡುವ ಬಾನಾಡಿಗಳು, ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಬಂದು ಹುಲ್ಲಿನ ಮೇಲೆ ತೇಲಾಡುವ ಹ್ಯಾರಿಯರ್ ಗಿಡುಗಗಳು. ಮಳೆಗಾಲದಲ್ಲಿ ಹುಲ್ಲಿನ ಮೇಲೆ ಚಿಮ್ಮಿ ಚಿಮ್ಮಿ ಹೆಣ್ಣನ್ನು ಕರೆಯುವ ಫ್ಲೋರಿಕನ್. ಎಲ್ಲಕ್ಕೂ ಮಿಗಿಲಾಗಿ ಎರೆಭೂತ, ಇಂಗ್ಲಿಷಿನವರ ಗ್ರೇಟ್ ಇಂಡಿಯನ್ ಬಸ್ಟರ್ಡ್. ಹಾರಬಲ್ಲ ಹಕ್ಕಿಗಳಲ್ಲಿ ಅತಿ ತೂಕದವುಗಳ ಸಾಲಿಗೆ ಸೇರಿದ್ದು. ನಿಂತರೆ ಮೀಟರಿನಷ್ಟು ಎತ್ತರ, ಬಲಿತ ಗಂಡು 15 ಕಿಲೋವರೆಗೂ ತೂಗುತ್ತದೆ. ಅದಕ್ಕೆ ಕಾಡು ಬೇಡ. ನಾಲ್ಕು ದಿಕ್ಕಿಗೂ ಕಣ್ಣು ಹಾಯುವ ಬಯಲು ಬೇಕು. ಮಿಡತೆ, ಜೀರುಂಡೆ, ಹಲ್ಲಿ, ಬೋರೆಹಣ್ಣು, ಹೊಲದ ಕಾಳು ತಿಂದು ಬದುಕುತ್ತದೆ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ತಾಯಿ ಸುಮಾರು ನಾಲ್ಕು ವಾರ ಕಾವು ಕೂರುತ್ತದೆ. ದನ ತುಳಿದರೆ, ನಾಯಿ ಮೂಸಿದರೆ, ನೇಗಿಲು ಹಾಯ್ದರೆ ಆ ವರ್ಷದ ಸಂತಾನ ಮುಗಿಯಿತು.

ಇಂಥ ಹಕ್ಕಿಗೆ ಕೋವಿ ಏನು ಮಾಡಬಲ್ಲದು ಎಂಬುದಕ್ಕೆ ಲೆಕ್ಕವಿದೆ. ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬ್ರಿಟಿಷ್ ಬೇಟೆಗಾರ ಅಹ್ಮದ್‌ನಗರ ಜಿಲ್ಲೆಯೊಂದರಲ್ಲೇ 1809ರಿಂದ 1829ರ ನಡುವೆ 961 ಎರೆಭೂತಗಳನ್ನು ಹೊಡೆದುರುಳಿಸಿದ. ಇವತ್ತು ಭೂಮಿಯ ಮೇಲೆ ಬಯಲಲ್ಲಿ ಉಳಿದಿರುವ ಎರೆಭೂತಗಳೆಲ್ಲ ಸೇರಿದರೂ 150 ದಾಟುವುದಿಲ್ಲ. ಆದರೆ ಆ ಸಂಖ್ಯೆಯಲ್ಲಿ ಇನ್ನೊಂದು ಮಾತೂ ಅಡಗಿದೆ: ಒಬ್ಬನಿಗೆ ಇಪ್ಪತ್ತು ವರ್ಷ ಹೊಡೆದರೂ ಮುಗಿಯದಷ್ಟು ಹಕ್ಕಿ ದಖ್ಖನ್ನಿನ ಬಯಲಿನಲ್ಲಿತ್ತು. ಅದೇ ಕಾಲದಲ್ಲಿ ಧಾರವಾಡದಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಇದ್ದ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತಾಗ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಇಂಗ್ಲಿಷರಲ್ಲಿ ಒಬ್ಬ ಈತ. ಬಿಡುಗಡೆಯಾದ ಮೇಲೆ ವರ್ಷಗಟ್ಟಲೆ ಈ ಸೀಮೆಯಲ್ಲಿ ಅಲೆದು, ಕನ್ನಡ ಶಾಸನಗಳನ್ನು ಸಂಗ್ರಹಿಸಿದ. 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿದ. ಇಲಿಯಿಂದ ತೋಳದವರೆಗೆ ಪ್ರಾಣಿಗಳನ್ನು ಜನ ಕರೆಯುವ ಹೆಸರಿನ ಸಮೇತ ಬರೆದುಕೊಂಡವನು. ಅವನ ಮೇಲೆ ನನಗೆ ಗೌರವವಿದೆ. ಸೆರೆಯಿಟ್ಟ ನೆಲದ ಇಲಿಗಳನ್ನೂ ಕುತೂಹಲದಿಂದ ನೋಡಬಲ್ಲವನು ಸಾಮಾನ್ಯನಲ್ಲ.

ಹೋದವುಗಳಲ್ಲಿ ಮೊದಲನೆಯದು ಸಿವಂಗಿ. ಈಗ ಎಲ್ಲರೂ ಚೀತಾ ಎನ್ನುತ್ತಾರೆ. ಸಿವಂಗಿ ಬಿಟ್ಟು ಜಿಂಕೆ ಹಿಡಿಸುವ ಆಟ ನಮ್ಮಲ್ಲಿ ಬಹಳ ಹಳೆಯದು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅದನ್ನು ವಿವರಿಸಿದ್ದಾನೆ. ಟಿಪ್ಪುವಿನ ಬಳಿ ಬೇಟೆಯ ಸಿವಂಗಿಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅವು ಆರ್ಥರ್ ವೆಲ್ಲೆಸ್ಲಿಯ ವಶವಾದವು, ಆತ ಅವುಗಳೊಡನೆ ಬೇಟೆಯಾಡಿದ. ಈ ಪದ್ಧತಿಯ ಒಳಗೇ ಒಂದು ಕುತ್ತು ಇತ್ತು. ಸಿವಂಗಿ ಆಗ ಸೆರೆಯಲ್ಲಿ ಮರಿ ಹಾಕುವುದು ತೀರ ಅಪರೂಪವಾಗಿತ್ತು. ಮೊಗಲರ ಲಾಯಗಳಲ್ಲಿ ಸಾವಿರಗಟ್ಟಲೆ ಇದ್ದರೂ ಜಹಾಂಗೀರನ ಕಾಲದಲ್ಲಿ ಒಮ್ಮೆ ಮರಿ ಹುಟ್ಟಿದ್ದನ್ನು ದೊಡ್ಡ ಸೋಜಿಗವೆಂದು ಬರೆದಿಟ್ಟಿದ್ದಾರೆ. ಅಂದರೆ ಅರಮನೆಯ ಸರಪಳಿಯಲ್ಲಿದ್ದ ಹೆಚ್ಚುಕಡಿಮೆ ಪ್ರತಿಯೊಂದು ಸಿವಂಗಿಯೂ ಬಯಲಿನಿಂದ ಹಿಡಿದು ತಂದದ್ದು. ಅದು ಸತ್ತಾಗ ಮತ್ತೊಂದನ್ನು ಹಿಡಿಯಲೇಬೇಕು. ಶತಮಾನಗಳ ಕಾಲ ಹೀಗೆ ಬಯಲನ್ನು ಬಸಿದರು. ಬ್ರಿಟಿಷರು ಬಂದ ಮೇಲೆ ಸಿವಂಗಿಯನ್ನು ಉಪದ್ರವಿ ಪ್ರಾಣಿಗಳ ಪಟ್ಟಿಗೆ ಸೇರಿಸಿ ಕೊಂದವರಿಗೆ ಇನಾಮು ಕೊಟ್ಟರು. 20ನೆಯ ಶತಮಾನದ ಹೊತ್ತಿಗೆ ಕೊಲ್ಹಾಪುರದಂಥ ಸಂಸ್ಥಾನಗಳು ಆಟ ನಿಲ್ಲಬಾರದೆಂದು ಆಫ್ರಿಕಾದಿಂದ ಸಿವಂಗಿ ತರಿಸಬೇಕಾಯಿತು. 1947ರಲ್ಲಿ ಮಧ್ಯ ಭಾರತದ ಕೊರಿಯಾ ಸಂಸ್ಥಾನದ ರಾಜ ಒಂದೇ ರಾತ್ರಿ ಮೂರು ಗಂಡು ಸಿವಂಗಿಗಳನ್ನು ಹೊಡೆದ. 1952ರಲ್ಲಿ ಭಾರತದಲ್ಲಿ ಸಿವಂಗಿ ಮುಗಿಯಿತೆಂದು ಸರ್ಕಾರವೇ ಒಪ್ಪಿಕೊಂಡಿತು. ನಮ್ಮ ತಾತನಿಗೂ ಅದರ ಹೆಸರು ಅವರ ಹಿರಿಯರ ಬಾಯಿಂದ ಬಂದದ್ದೇ ಹೊರತು ಕಣ್ಣಲ್ಲಿ ಕಂಡದ್ದಲ್ಲ.

ಇಲ್ಲಿಯವರೆಗೆ ಕೋವಿ, ಬಲೆ, ಸರಪಳಿಗಳ ಕಥೆ. ಕಡತದ ಕಥೆ ಇದಕ್ಕಿಂತ ನಿಧಾನ, ಇದಕ್ಕಿಂತ ಪೂರ್ಣ.

ಟಿಪ್ಪುವಿನ ನಂತರ ಅಮೃತಮಹಲ್ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಪಾಲಾಯಿತು. 1860ರಲ್ಲಿ ಮದ್ರಾಸಿನ ಗವರ್ನರ್ ಚಾರ್ಲ್ಸ್ ಟ್ರೆವೆಲ್ಯನ್ ಖರ್ಚು ಉಳಿಸಲೆಂದು ಇಡೀ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟ. ಆರೇ ವರ್ಷದಲ್ಲಿ ತಪ್ಪು ಗೊತ್ತಾಯಿತು. 1866ರಲ್ಲಿ ಚೆದುರಿಹೋದ ತಳಿಯನ್ನು ಹುಡುಕಿ ಮತ್ತೆ ಹಿಂಡು ಕಟ್ಟಬೇಕಾಯಿತು. 1880ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ಅದನ್ನು ಕೊಂಡುಕೊಂಡಿತು. ಆ ಶತಮಾನದಲ್ಲಿ ಕಾವಲುಗಳ ಒಟ್ಟು ವಿಸ್ತೀರ್ಣ ನಾಲ್ಕು ಲಕ್ಷ ಎಕರೆ ಮೀರಿತ್ತು. ಇಂದು ಅದರ ಕಾಲು ಭಾಗವೂ ಉಳಿದಿಲ್ಲ.

ಅಷ್ಟು ದೊಡ್ಡ ಬಯಲು ಕರಗಿದ್ದು ಯಾವ ಒಬ್ಬ ದುರುಳನಿಂದಲೂ ಅಲ್ಲ. ಫಿರಂಗಿಗೆ ಎತ್ತು ಬೇಡವಾಯಿತು. ಎರಡನೆಯ ಮಹಾಯುದ್ಧದ ಕಾಲದ ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನದಲ್ಲಿ ಕಾವಲು ಒಡೆದು ಸಾಗುವಳಿಗೆ ಕೊಟ್ಟರು. ಹಸಿದ ದೇಶಕ್ಕೆ ಅನ್ನ ಬೇಕಿತ್ತು, ಅದನ್ನು ನಾನು ತಪ್ಪೆನ್ನಲಾರೆ. ಸ್ವಾತಂತ್ರ್ಯದ ನಂತರ ಭೂಹೀನರಿಗೆ ಹಂಚಿದರು, ಅದನ್ನೂ ತಪ್ಪೆನ್ನಲಾರೆ. ಆದರೆ ಈ ಹಂಚಿಕೆಗಳ ನಡುವೆ ಒಂದು ಅಭ್ಯಾಸ ಬೇರೂರಿತು: ಕಾವಲೆಂದರೆ ಖಾಲಿ ಜಾಗ. ಯಾವ ಇಲಾಖೆಗೆ ಎಷ್ಟು ಎಕರೆ ಬೇಕಾದರೂ ಮೊದಲು ನಕ್ಷೆಯಲ್ಲಿ ಕಾವಲು ಹುಡುಕುವುದು ರೂಢಿಯಾಯಿತು. ಕಂದಾಯದವರ ಪ್ರಕಾರ ಉತ್ತರೆ ಮಳೆಗೆ ಎದೆಮಟ್ಟ ನಿಂತ ಹುಲ್ಲು ಬೆಳೆಯಲ್ಲ. ಪಹಣಿಯ ಬೆಳೆ ಕಾಲಂ ಖಾಲಿಯೇ. ಅರಣ್ಯದವರ ಪ್ರಕಾರ ಮರವಿಲ್ಲದ ಜಾಗ ಕಾಡಲ್ಲ. ಅದಕ್ಕೆ ಮರ ನೆಡಬೇಕು. ಒಂದು ಕಾಲಕ್ಕೆ ಸೈನ್ಯ ನಡೆಸಿದ ಹುಲ್ಲು ಎರಡೂ ಕಡೆಯ ಪುಸ್ತಕದಲ್ಲಿ ಇಲ್ಲವಾಯಿತು. ಕಾವಲುಗಾರನ ಹುದ್ದೆಗಳು ಖಾಲಿಯಾದವು, ತುಂಬಲಿಲ್ಲ.

ಮರ ನೆಟ್ಟದ್ದರ ಫಲ ನೋಡಬೇಕಾದರೆ ರಾಣೆಬೆನ್ನೂರಿಗೆ ಹೋಗಬೇಕು. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರ್ ಬಯಲನ್ನು ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಮಾಡಿದರು. 1980ರ ಸುಮಾರಿಗೆ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅಲ್ಲಿ ಎರೆಭೂತ ಇರುವುದನ್ನು ಗುರುತಿಸಿ ಲೋಕಕ್ಕೆ ತಿಳಿಸಿದರು. ಕರ್ನಾಟಕದಲ್ಲಿ ಈ ಹಕ್ಕಿಯ ಕಥೆ ಮುಗಿದಿಲ್ಲ ಎಂದು ಸಂಭ್ರಮಪಟ್ಟ ವರ್ಷಗಳವು. ಆದರೆ ಅದೇ ಅಭಯಾರಣ್ಯದ ಬಹುಪಾಲು ನೆಲದಲ್ಲಿ ಸಾಲು ಹಿಡಿದು ನೀಲಗಿರಿ ನೆಟ್ಟಿದ್ದರು. ಗಿಡ ಸಣ್ಣದಿದ್ದಾಗ ಹಕ್ಕಿಗೆ ಅಡ್ಡಿಯಾಗಲಿಲ್ಲ. ಮೇಲೆದ್ದ ಹಾಗೆ ನೋಟ ಮುಚ್ಚಿತು, ಬುಡದ ಹುಲ್ಲು ಸತ್ತಿತು, ಹುಲ್ಲಿನೊಡನೆ ಮಿಡತೆ ಹೋಯಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡು ಉಳಿಯಿತು. ಎರೆಭೂತ ಈಗ ಅಲ್ಲಿ ಇಲ್ಲ. ಆ ನೆಡುತೋಪಿನೊಳಗೆ ನಾನು ನಡೆದಿದ್ದೇನೆ. ಮಳೆಗಾಲದ ಮಧ್ಯದಲ್ಲೂ ಕಾಲಡಿ ಒಣ ಎಲೆಯ ಹಾಸು, ಬೆರಳಿಂದ ಕೆದಕಿದರೆ ಕೆಳಗೆ ಬೂದುಬಣ್ಣದ ಪುಡಿಮಣ್ಣು. ದನದ ಡಾಕ್ಟರನಿಗೆ ಮೊದಲು ಹೊಳೆಯುವ ಪ್ರಶ್ನೆಯೇ ನನಗೂ ಹೊಳೆಯಿತು: ಇಲ್ಲಿ ಒಂದು ಹಸು ಏನು ತಿನ್ನಬೇಕು?

ಈ ಪ್ರಶ್ನೆಯನ್ನು ರೈತರು ನನಗಿಂತ ಬಹಳ ಮೊದಲೇ ಕೇಳಿದ್ದರು. 1980ರ ದಶಕದಲ್ಲಿ ಸರ್ಕಾರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯ ಜೊತೆ ಸೇರಿ ಪಲ್ಪ್‌ವುಡ್ ಕಂಪನಿ ಕಟ್ಟಿ, ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಬೆಳೆಯಲು ಗೊತ್ತುಮಾಡಿತು. 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ಜನ ಸೇರಿ ನೀಲಗಿರಿ ಸಸಿ ಕಿತ್ತು, ಮನೆಗೂ ದನಕ್ಕೂ ಬೇಕಾದ ಗಿಡ ನೆಟ್ಟರು. ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹವೆಂದೇ ಅದು ಹೆಸರಾಯಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಅದನ್ನು ಕೋರ್ಟಿನವರೆಗೂ ಒಯ್ದಿತು. ಕೊನೆಗೆ ಆ ಕಂಪನಿಯೇ ಮುಚ್ಚಿತು. ಅಲ್ಲಿ ನಿಂತವರು ಎರೆಭೂತಕ್ಕಾಗಿ ನಿಂತವರಲ್ಲ, ತಮ್ಮ ಗೋಮಾಳಕ್ಕಾಗಿ ನಿಂತವರು. ಹಾಗಿದ್ದೂ ಆ ಕಾಲದಲ್ಲಿ ಹುಲ್ಲಿನ ಹಕ್ಕಿಗಳಿಗೆ ಸಿಕ್ಕ ದೊಡ್ಡ ರಕ್ಷಣೆ ಅವರಿಂದಲೇ ಸಿಕ್ಕಿತು ಎಂಬುದು ನನ್ನ ನಂಬಿಕೆ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ ನಿಷೇಧಿಸಿದ್ದು 2017ರಲ್ಲಿ, ಮೂವತ್ತು ವರ್ಷ ತಡವಾಗಿ.

ಚಳ್ಳಕೆರೆಯದು ನಮ್ಮ ಕಾಲದ ಅಧ್ಯಾಯ. ಉಳ್ಳಾರ್ತಿ, ಕುದಾಪುರ, ವರವು ಕಾವಲುಗಳ ಸುಮಾರು 10 ಸಾವಿರ ಎಕರೆಯನ್ನು ಹತ್ತಿರದ ಹಳ್ಳಿಗಳಿಗೆ ಸರಿಯಾಗಿ ತಿಳಿಸದೆಯೇ ಬೇರೆ ಬೇರೆ ಸಂಸ್ಥೆಗಳಿಗೆ ಹಂಚಲಾಯಿತು: ರಕ್ಷಣಾ ಸಂಶೋಧನೆಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 573, ಒಂದು ಸೌರವಿದ್ಯುತ್ ಕಂಪನಿಗೆ 1,250. ಗೋಡೆ ಏಳತೊಡಗಿದ ಮೇಲೆಯೇ ಎಷ್ಟೋ ಕುರಿಗಾಹಿಗಳಿಗೆ ವಿಷಯ ಗೊತ್ತಾದದ್ದು. ಪ್ರಕರಣ ಹಸಿರು ನ್ಯಾಯಮಂಡಳಿಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ರಕ್ಷಣೆ ಬೇಕು. ಆದರೆ ಅದೇ ಸಂಸ್ಥೆಗಳು ಪಶ್ಚಿಮಘಟ್ಟದ ಹತ್ತು ಸಾವಿರ ಎಕರೆ ಮಳೆಕಾಡು ಕೇಳಿದ್ದರೆ ಇಡೀ ನಾಡು ಎದ್ದು ನಿಲ್ಲುತ್ತಿತ್ತು. ಹುಲ್ಲಿಗೆ ಯಾರೂ ಏಳಲಿಲ್ಲ. ಎದ್ದವರು ಅಲ್ಲಿ ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯ್ದು ಬದುಕುತ್ತಿದ್ದವರು. ಜೊತೆಗೆ ಕೆಲವರು ಪರಿಸರ ಹೋರಾಟಗಾರರು. ಮ್ಯಾಸಬೇಡ ಸಮುದಾಯದವರ ದೇವರ ಎತ್ತುಗಳು ಆ ಸೀಮೆಯಲ್ಲಿ ಇನ್ನೂ ಇವೆ. ಅವನ್ನು ದುಡಿಸುವಂತಿಲ್ಲ, ಮಾರುವಂತಿಲ್ಲ. ಕಿಲಾರಿಗಳು ತಲೆಮಾರಿನಿಂದ ನೋಡಿಕೊಳ್ಳುತ್ತಾರೆ. ಬರ ಬಂದ ವರ್ಷ ಆ ಎತ್ತುಗಳಿಗೆ ಔಷಧಿ ಕೊಡಲು ಹೋದಾಗ ನನ್ನ ಚೀಲದಲ್ಲಿದ್ದ ಯಾವ ಔಷಧಿಯೂ ಅವುಗಳಿಗೆ ಬೇಕಿರಲಿಲ್ಲ. ಹುಲ್ಲು ಬೇಕಿತ್ತು. ಎಲುಬು ಎಣಿಸುವಂತಿದ್ದ ಎತ್ತಿನ ಮೈದಡವುತ್ತ ಒಬ್ಬ ಕಿಲಾರಿ ಗೋಡೆಯ ಕಡೆ ಕೈ ತೋರಿಸಿದ, ಮಾತಾಡಲಿಲ್ಲ.

2019ರಲ್ಲಿ ಐಪಿಬಿಇಎಸ್ ಎಂಬ ಅಂತರರಾಷ್ಟ್ರೀಯ ವಿಜ್ಞಾನಿಗಳ ವೇದಿಕೆ ಸುಮಾರು 10 ಲಕ್ಷ ಜೀವಜಾತಿಗಳು ಅಳಿವಿನ ದಾರಿಯಲ್ಲಿವೆ ಎಂದು ಹೇಳಿತು. ನೆಲದ ಮೇಲಿನ ಜೀವಿಗಳ ಮಟ್ಟಿಗೆ ಅವರು ಕೊಟ್ಟ ಮೊದಲ ಕಾರಣ ಭೂಮಿಯ ಬಳಕೆ ಬದಲಾದದ್ದು. ಬೇಟೆಯೂ ಹವಾಮಾನವೂ ಅದರ ನಂತರ ಬರುತ್ತವೆ. ಅದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ತಾಲೂಕು ಕಚೇರಿಯ ಕೆಂಪು ದಾರ ಕಟ್ಟಿದ ಕಡತಗಳು. 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯೂ ಹುಲ್ಲುಗಾವಲಿನಂಥ ಬಯಲನ್ನೇ ನಂಬಿದ ಹಕ್ಕಿಗಳು ಉಳಿದವಕ್ಕಿಂತ ವೇಗವಾಗಿ ಕುಸಿಯುತ್ತಿವೆ ಎಂದಿತು.

ಎರೆಭೂತವನ್ನು ನಾನು ಕೊನೆಗೂ ನೋಡಿದ್ದು ಕಾವಲಿನಲ್ಲಲ್ಲ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಹೊಲದಲ್ಲಿ, ನಿವೃತ್ತಿಯ ನಂತರ. ತುಂಗಭದ್ರಾ ಕಾಲುವೆ ಹರಿದ ಕಡೆಯೆಲ್ಲ ಸಿರುಗುಪ್ಪ ಭತ್ತದ ನಾಡು. ಕಾಲುವೆ ಮುಟ್ಟದ ಎರೆಹೊಲಗಳಲ್ಲಿ ಇನ್ನೂ ಜೋಳ, ಕಡಲೆ, ಹತ್ತಿ. ರಾಜ್ಯದಲ್ಲಿ ಈ ಹಕ್ಕಿ ಉಳಿದಿರುವುದು ಆ ಒಣ ಹೊಲಗಳ ಕೃಪೆಯಿಂದ. ಬೆಳಗಿನ ಹೊತ್ತು ಒಬ್ಬ ಕುರಿಗಾಹಿ ಕೋಲು ಚಾಚಿ ತೋರಿಸಿದ ಕಡೆ ನೋಡಿದೆ. ಜೋಳ ಕೊಯ್ದ ಕೂಳೆಯ ನಡುವೆ ಬಿಳಿ ಕತ್ತು ಮೊದಲು ಕಂಡಿತು, ಆಮೇಲೆ ನೆತ್ತಿಯ ಕರಿ ಟೋಪಿ, ಆಮೇಲೆ ಮಣ್ಣಿನ ಬಣ್ಣದ ಬೆನ್ನು. ಗದ್ದ ಮೇಲೆತ್ತಿಕೊಂಡು, ಒಂದೊಂದು ಹೆಜ್ಜೆಗೂ ನಿಂತು, ಏನನ್ನೋ ಕೊಕ್ಕಿನಲ್ಲಿ ಎತ್ತಿ ನುಂಗಿ, ಮತ್ತೆ ನಡೆಯಿತು. ಸಾಲಿಂ ಅಲಿ ಇದನ್ನು ರಾಷ್ಟ್ರಪಕ್ಷಿ ಮಾಡಿ ಎಂದು ವಾದಿಸಿದ್ದರು. ಹಾಗೇಕೆ ಅಂದರು ಎಂಬುದು ನನಗೆ ಆ ನಡಿಗೆ ನೋಡಿದಾಗ ತಿಳಿಯಿತು. ನಾಯಿಯೊಂದು ಬದುವಿನ ಮೇಲೆ ಬಂದದ್ದೇ ಹಕ್ಕಿ ನಾಲ್ಕು ಹೆಜ್ಜೆ ಓಡಿ, ಭಾರವಾಗಿ ರೆಕ್ಕೆ ಬಡಿದು, ತಗ್ಗಿನಲ್ಲೇ ಹಾರಿತು. ಅದು ಹೋದ ದಿಕ್ಕಿನಲ್ಲಿ ಹೈಟೆನ್ಷನ್ ತಂತಿಗಳಿದ್ದವು. ನಾನೂ ಕುರಿಗಾಹಿಯೂ ಉಸಿರು ಬಿಗಿಹಿಡಿದು ನೋಡಿದೆವು. ತಂತಿಯ ಕೆಳಗಿನಿಂದ ದಾಟಿತು.

ಆ ಭಯಕ್ಕೆ ಕಾರಣವಿದೆ. ಎರೆಭೂತದ ಕಣ್ಣು ತಲೆಯ ಎರಡು ಪಕ್ಕಕ್ಕಿವೆ. ಎದುರಿಗೆ ನೇರ ಇರುವುದು ಅದಕ್ಕೆ ಸರಿಯಾಗಿ ಕಾಣದು. ಕಂಡಾಗಲೂ ಅಷ್ಟು ತೂಕದ ಮೈಯನ್ನು ಥಟ್ಟನೆ ಹೊರಳಿಸಲಾಗದು. ರಾಜಸ್ಥಾನದ ಥಾರ್‌ನಲ್ಲಿ ಸುಮಾರು 4,200 ಚದರ ಕಿಲೋಮೀಟರಿನಲ್ಲಿ ವರ್ಷಕ್ಕೆ 80 ಸಾವಿರಕ್ಕೂ ಹೆಚ್ಚು ಹಕ್ಕಿಗಳು, ಎಲ್ಲ ಜಾತಿಯವೂ ಸೇರಿ, ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ ಎಂದು ಭಾರತೀಯ ವನ್ಯಜೀವಿ ಸಂಸ್ಥೆ ಅಂದಾಜಿಸಿದೆ. 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎರೆಭೂತದ ನೆಲೆಗಳಲ್ಲಿ ತಂತಿಗಳನ್ನು ನೆಲದಡಿ ಹಾಕಿ ಎಂದಿತು. 2024ರ ಮಾರ್ಚ್‌ನಲ್ಲಿ ಆ ಆದೇಶವನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಎದುರು ಪಕ್ಷದ ವಾದವೂ ಸಣ್ಣದಲ್ಲ: ಬಿಸಿಲು ಗಾಳಿಯ ವಿದ್ಯುತ್ತು ಬಾರದಿದ್ದರೆ ಕಲ್ಲಿದ್ದಲು ಉರಿಯುತ್ತದೆ, ಅದು ಸಾವಿರ ಜೀವಿಗಳಿಗೆ ಕುತ್ತು. ನಿಜ. ಆದರೆ ಸೌರಫಲಕಕ್ಕೆ ಮನೆಯ ಮಾಡು ಆದೀತು, ಕಾಲುವೆಯ ಮೇಲ್ಭಾಗ ಆದೀತು, ಪಾವಗಡದಲ್ಲಿ ಮಾಡಿದಂತೆ ರೈತನ ಹೊಲವನ್ನು ಗುತ್ತಿಗೆಗೆ ಪಡೆಯಲೂ ಬಂದೀತು. ಎರೆಭೂತಕ್ಕೆ ಬಯಲೊಂದೇ.

ಹಾಗೆಂದು ಸಿರುಗುಪ್ಪದಲ್ಲಿ ಬೇಲಿ ಹಾಕಿ ಜನರನ್ನು ಹೊರಗಟ್ಟಿದರೆ ಹಕ್ಕಿ ಉಳಿಯುತ್ತದೆಯೇ? ಮಧ್ಯಪ್ರದೇಶದ ಕರೇರಾದಲ್ಲಿ ಅದನ್ನು ಮಾಡಿ ನೋಡಿದ್ದಾರೆ. 1981ರಲ್ಲಿ 202 ಚದರ ಕಿಲೋಮೀಟರನ್ನು ಎರೆಭೂತದ ಅಭಯಾರಣ್ಯ ಎಂದು ಸಾರಿದರು. ಒಳಗಿದ್ದ ಹಳ್ಳಿಗರಿಗೆ ಸ್ವಂತ ಹೊಲ ಮಾರುವ ಹಕ್ಕೇ ಹೋಯಿತು. ಹಿಂದೆ ಹಕ್ಕಿಯನ್ನು ಸಹಿಸಿಕೊಂಡಿದ್ದ ಜನರೇ ಅದು ತೊಲಗಲಿ ಎನ್ನತೊಡಗಿದರು. 1990ರ ದಶಕದ ನಡುವೆ ಅಲ್ಲಿ ಎರೆಭೂತ ಮುಗಿಯಿತು, ಅಭಯಾರಣ್ಯದ ಹೆಸರು ಮಾತ್ರ ಬಹಳ ಕಾಲ ಉಳಿಯಿತು. ಸೊಲ್ಲಾಪುರದ ನಾನ್ನಜ್ ಅಭಯಾರಣ್ಯದ ಕಡೆಯ ಕನ್ನಡ ಮಾತಾಡುವ ರೈತರನ್ನು ಕೇಳಿದರೂ ಇಂಥದೇ ನೋವು ಕೇಳಿಬರುತ್ತದೆ.

ನಮ್ಮಲ್ಲಿ ಬೇರೆ ದಾರಿಯ ತುಣುಕುಗಳಿವೆ. ಕಡೂರು ತಾಲೂಕಿನ ಬಾಸೂರು ಅಮೃತಮಹಲ್ ಕಾವಲು 2011ರಿಂದ ಸಂರಕ್ಷಣಾ ಮೀಸಲು. ಅಲ್ಲಿ ಈಗಲೂ ಸರ್ಕಾರಿ ಹಿಂಡು ಮೇಯುತ್ತದೆ, ಅದೇ ಹುಲ್ಲಿನಲ್ಲಿ ಕೃಷ್ಣಮೃಗವೂ ತೋಳವೂ ಇವೆ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಜಯಮಂಗಲಿ ಮೀಸಲು 2007ರದು, ಎಂಟುನೂರು ಎಕರೆಗೆ ಸ್ವಲ್ಪ ಕಡಿಮೆ. ಹೆಸರಘಟ್ಟದ ಹುಲ್ಲುಗಾವಲನ್ನು ಉಳಿಸಲು 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿತು. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಕ್ಕೂ ಒಂದು ಧಾಮ ಆಗಿದೆ. ಬಾಸೂರನ್ನು ನಾನು ಇವೆಲ್ಲಕ್ಕಿಂತ ಮೇಲೆ ಇಡುತ್ತೇನೆ, ಯಾಕೆಂದರೆ ಅಲ್ಲಿ ದನವನ್ನು ಹೊರಗಟ್ಟಿಲ್ಲ. ಮೇಯದ ಹುಲ್ಲು ಕೆಲವೇ ವರ್ಷದಲ್ಲಿ ಜಾಲಿ ಮತ್ತು ಪೊದೆಗೆ ಬಿಟ್ಟುಕೊಡುತ್ತದೆ. ಅತಿ ಮೇಯ್ದದ್ದು ಕಲ್ಲುನೆಲವಾಗುತ್ತದೆ. ಎಷ್ಟು, ಯಾವಾಗ ಎಂದು ಹೇಳಬಲ್ಲವರು ಬೇಕು. ಹಳೆಯ ಇಲಾಖೆಗೆ ಅದು ಗೊತ್ತಿತ್ತು.

ರಾಜಸ್ಥಾನದ ಸಮ್ ಮತ್ತು ರಾಮದೇವ್ರಾ ಕೇಂದ್ರಗಳಲ್ಲಿ 2019ರಿಂದ ಎರೆಭೂತದ ಮೊಟ್ಟೆ ತಂದು ಮರಿ ಮಾಡಿಸುತ್ತಿದ್ದಾರೆ; 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೂ ಮರಿ ಹುಟ್ಟಿತು. ಜೀವನವಿಡೀ ಹಸುಗಳಿಗೆ ಆ ಕೆಲಸ ಮಾಡಿದ ನನಗೆ ಅದರ ಹಿಂದಿನ ಶ್ರಮ ಗೊತ್ತು, ಅಲ್ಲಿಯ ವೈದ್ಯರಿಗೆ ಮನಸಾರೆ ನಮಸ್ಕರಿಸುತ್ತೇನೆ. ಮುಂದೊಂದು ದಿನ ಆ ಮರಿಗಳ ಪೀಳಿಗೆಯನ್ನು ಬಯಲಿಗೆ ಬಿಡುವಾಗ ಕರ್ನಾಟಕದ ಸರದಿ ಬಂದರೆ, ಬಿಡಲು ಸಿರುಗುಪ್ಪದ ಒಣ ಹೊಲಗಳ ಆಚೆ ನಮ್ಮಲ್ಲಿ ಜಾಗವಿರಬೇಕು. ಆ ಹೊಲಗಳ ರೈತ ಕಡಲೆ ಕೊಯ್ದ ಮೇಲೆ ಒಂದಿಷ್ಟು ಪಟ್ಟಿಯನ್ನು ಬೀಳು ಬಿಟ್ಟರೆ, ಕೀಟನಾಶಕ ಹೊಡೆಯದಿದ್ದರೆ, ಅವನಿಗೆ ಎಕರೆಗಿಷ್ಟು ಎಂದು ಪ್ರತಿ ವರ್ಷ ಹಣ ಕೊಡಬೇಕು. ಜಮೀನು ಮಾರುವ ಅವನ ಹಕ್ಕನ್ನು ಮುಟ್ಟಬಾರದು. ಮೊಟ್ಟೆಯ ತಿಂಗಳುಗಳಲ್ಲಿ ಕುರಿಹಿಂಡು ಸುತ್ತುಹಾಕಿ ಹೋದರೆ ಕುರಿಗಾಹಿಗೂ ಕೊಡಬೇಕು. ಆ ಹೊಲಗಳ ಮೇಲೆ ಹಾದ ತಂತಿಗಳು ನೆಲದಡಿ ಇಳಿಯಬೇಕು. ಉಳಿದ ಕಾವಲುಗಳ ಪಹಣಿಯಲ್ಲಿ ಖಾಲಿ ಇರುವ ಬೆಳೆ ಕಾಲಂನಲ್ಲಿ ‘ಹುಲ್ಲು’ ಎಂದು ಬರೆಸಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಒಂದು ಸುತ್ತೋಲೆ ಸಾಕು.